ಪುಟ ೨೧೭

ಹೊಸನಗರ
೧೨ ಜನವರಿ ೨೦೨೬

ಗ್ರಂಥಪಾಲಕರಿಗೆ,

ಮಾನ್ಯರೆ, ನಾನು ವರದಾ. ಇಲ್ಲಿನ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದಿಂದ ಅರೆಕಾಲಿಕ ಸಂಶೋಧನಾ ವಿದ್ಯಾರ್ಥಿನಿ. ವಯಸ್ಸು ನಲವತ್ತೆಂಟು. ಗ್ರಂಥಾಲಯದ ಗುರುತಿನ ಚೀಟಿಗೆ ಅರ್ಜಿ ಕೊಡುವಾಗ ನಿಮ್ಮ ಕೌಂಟರಿನವರು "ಮಗಳಿಗಾ ಮೇಡಂ?" ಎಂದು ಕೇಳಿದ್ದರು.

ನನಗೊಂದು ಲೇಖನ ಬೇಕು. ೨೦೧೯ರಲ್ಲಿ ಶರಾವತಿ ಹಿನ್ನೀರಿನ ಆಚೆ ಬದಿಯಲ್ಲಿ ಮಂಗನ ಕಾಯಿಲೆ ಬಂದ ಏಳು ಜನರ ಬಗ್ಗೆ ವೈದ್ಯರು ಬರೆದದ್ದು. ಮರುವರ್ಷ ಒಂದು ಇಂಗ್ಲಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದೆ, ಪುಟ ೨೧೪ರಿಂದ ೨೨೧. ಅಂತರ್ಜಾಲದಲ್ಲಿ ಹತ್ತು ಸಾಲಿನ ಸಾರಾಂಶ ಮಾತ್ರ ಸಿಗುತ್ತದೆ. ಎಂಟನೆಯ ಸಾಲು ಹೀಗಿದೆ: "ಒಬ್ಬ ರೋಗಿ ತೀರಿಕೊಂಡರು, ಅವರು ಚಿಕಿತ್ಸೆಗೆ ಬಂದದ್ದು ತಡವಾಗಿತ್ತು." ಕೆಳಗೆ ಪೂರ್ಣಪಾಠ ಎಂಬ ಗುಂಡಿ. ಒತ್ತಿದರೆ ಸಂಸ್ಥೆಯ ಹೆಸರು ಕೇಳುತ್ತದೆ. ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಅದನ್ನೂ ಕೊಟ್ಟರೆ ನಿಮಗೆ ಅನುಮತಿ ಇಲ್ಲ ಎನ್ನುತ್ತದೆ.

ಎರಡು ಇಮೇಲ್ ಕಳಿಸಿದೆ, ಉತ್ತರ ಬರಲಿಲ್ಲ. ಅದಕ್ಕೇ ಈ ಕಾಗದ.

ವರದಾ


ವಿಶ್ವವಿದ್ಯಾಲಯ ಗ್ರಂಥಾಲಯ
೨೦ ಜನವರಿ ೨೦೨೬

ಶ್ರೀಮತಿ ವರದಾ ಅವರಿಗೆ,

ನಿಮ್ಮ ಇಮೇಲ್‌ಗಳು ಬೇಡದ ಪತ್ರಗಳ ಜೊತೆ ಸೇರಿಹೋಗಿದ್ದವು. ಕ್ಷಮಿಸಿ. ನಾನು ಸಹಾಯಕ ಗ್ರಂಥಪಾಲಕ ಶ್ರೀರಂಗ. ಊರು ತೀರ್ಥಹಳ್ಳಿ. ಹೊಸನಗರದ ಅಂಚೆ ಮುದ್ರೆ ಕಂಡು ನಿಮ್ಮ ಲಕೋಟೆಯನ್ನೇ ಮೊದಲು ಒಡೆದೆ.

ಗೂಗಲ್‌ನಿಂದ ನೇರವಾಗಿ ಪತ್ರಿಕೆಯ ಬಾಗಿಲಿಗೆ ಹೋಗಬೇಡಿ. ಮೊದಲು ನಮ್ಮ ಗ್ರಂಥಾಲಯದ ಪುಟಕ್ಕೆ ಬಂದು, ಅಲ್ಲಿ ಲಾಗಿನ್ ಆಗಿ, ಅಲ್ಲಿಂದ ಪತ್ರಿಕೆಗೆ ಹೋಗಬೇಕು. ಆಗ ನೀವು ಮನೆಯಲ್ಲಿದ್ದರೂ ಇಲ್ಲಿ ಕುಳಿತಂತೆಯೇ ಲೆಕ್ಕ. ಆದರೆ ಈ ಲೇಖನ ಹಾಗೂ ಸಿಗುವುದಿಲ್ಲ. ಆ ಪತ್ರಿಕೆಗೆ ನಾವು ಚಂದಾದಾರರಾದದ್ದು ೨೦೨೨ರಲ್ಲಿ. ಅದಕ್ಕೆ ಹಿಂದಿನದೆಲ್ಲ ನಮಗೂ ಬೀಗವೇ.

ಬೇರೆ ಊರಿನ ಒಂದು ಗ್ರಂಥಾಲಯದಲ್ಲಿ ಅಚ್ಚಾದ ಸಂಪುಟ ಇದೆ. ಅವರು ಪ್ರತಿ ತೆಗೆದು ನನಗೆ ಕಳಿಸುತ್ತಾರೆ, ನಾನು ನಿಮಗೆ ಕಳಿಸುತ್ತೇನೆ. ಕಾಗದದಲ್ಲಿ ಮಾತ್ರ, ಕಂಪ್ಯೂಟರಿನಲ್ಲಿ ಕಳಿಸುವಂತಿಲ್ಲ ಎಂಬುದು ಒಪ್ಪಂದ. ತುಂಬಬೇಕಾದ ಅರ್ಜಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಉದ್ದೇಶ ಎಂಬ ಕಲಂ ಖಾಲಿ ಬಿಡಬೇಡಿ.

ನಿಮ್ಮ ಸಂಶೋಧನೆ ಹೆಂಗಸರ ಶೋಕಗೀತೆಗಳ ಬಗ್ಗೆ ಎಂದು ದಾಖಲೆಯಲ್ಲಿದೆ. ವೈದ್ಯಕೀಯ ಲೇಖನ ಯಾಕೆ ಎಂದು ಕೇಳುವುದು ನನ್ನ ಕೆಲಸವಲ್ಲ. ಆದರೂ ಕೇಳಬೇಕೆನಿಸಿತು.

ಶ್ರೀರಂಗ


ಹೊಸನಗರ
೨೭ ಜನವರಿ ೨೦೨೬

ಮಾನ್ಯರೆ,

ಅರ್ಜಿ ತುಂಬಿ ಕಳಿಸಿದ್ದೇನೆ. ಉದ್ದೇಶ: ಸಂಶೋಧನೆ. ಹಾಡುವವರು ಸಾವಿನ ಕಾರಣವನ್ನು ಹಾಡಿನಲ್ಲಿ ಹೇಗೆ ಹೇಳುತ್ತಾರೆ, ವೈದ್ಯರು ಹೇಗೆ ಹೇಳುತ್ತಾರೆ ಎಂದು ಪಕ್ಕಪಕ್ಕ ಇಟ್ಟು ನೋಡುವ ಯೋಚನೆ ಇದೆ.

ಒಂದು ಸಹಾಯ. ಲೇಖನ ಬಂದಾಗ ಆ ಮೂವತ್ತಾರು ವರ್ಷದ ಹೆಂಗಸಿನ ಭಾಗವನ್ನು ಒಮ್ಮೆ ನೋಡಿ. ತಡವಾದದ್ದಕ್ಕೆ ಕಾರಣ ಬರೆದಿದೆಯೇ? ಯಾರಿಂದ ತಡವಾಯಿತು ಎಂದು ಬರೆದಿದೆಯೇ? ಗಂಡ ಏನು ಹೇಳಿದ ಎಂದಿದೆಯೇ?

ನಮ್ಮ ಮನೆಯಲ್ಲಿ ತಂಗಿಯ ಮಗಳು ಆಶಾ ಇದ್ದಾಳೆ. ದ್ವಿತೀಯ ಪಿಯುಸಿ. ಜೂನ್ ಆರಕ್ಕೆ ಅವಳಿಗೆ ಹದಿನೆಂಟು ತುಂಬುತ್ತದೆ. ಅದರೊಳಗೆ ಲೇಖನ ನನ್ನ ಕೈಗೆ ಸಿಕ್ಕರೆ ಒಳ್ಳೆಯದು.

ವರದಾ


ವಿಶ್ವವಿದ್ಯಾಲಯ ಗ್ರಂಥಾಲಯ
೧೮ ಫೆಬ್ರುವರಿ ೨೦೨೬

ಶ್ರೀಮತಿ ವರದಾ ಅವರಿಗೆ,

ಲೇಖನದ ಪ್ರತಿ ಇದರೊಂದಿಗಿದೆ, ಏಳು ಪುಟ. ೨೧೭ನೇ ಪುಟ ಮಸುಕಾಗಿ ಬಂದಿದೆ, ಓದಲಾಗುವುದಿಲ್ಲ. ಆದ್ದರಿಂದ ಕಳಿಸಿಲ್ಲ. ನಿಮ್ಮ ಹೋಲಿಕೆಯ ಅಧ್ಯಯನಕ್ಕೆ ಉಳಿದದ್ದು ಸಾಕಾಗಬಹುದು.

ಶ್ರೀರಂಗ


ಹೊಸನಗರ
೨೪ ಫೆಬ್ರುವರಿ ೨೦೨೬

ಶ್ರೀರಂಗ ಅವರಿಗೆ,

ಏಳೂ ಪುಟಗಳನ್ನು ನಿಘಂಟು ಇಟ್ಟುಕೊಂಡು ಓದಿದೆ. ಜ್ವರದ ನಕ್ಷೆ ಇದೆ, ರಕ್ತದ ಕಣಗಳ ಎಣಿಕೆ ಇದೆ. ತರಗೆಲೆ ಗುಡಿಸಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಕಾಯಿಲೆ ಹತ್ತಿದ್ದು ಇದೆ. ಯಾರಿಗೂ ಹೆಸರಿಲ್ಲ, ಅಂಕಿಗಳಿವೆ. ೨೧೬ನೇ ಪುಟದ ಕೊನೆಯ ಸಾಲು: "ತೀರಿಕೊಂಡ ರೋಗಿ ಮೂವತ್ತಾರು ವರ್ಷದ ಮಹಿಳೆ. ಜ್ವರದ ಎರಡನೆಯ ದಿನವೇ ಆಕೆಯನ್ನು ಆಸ್ಪತ್ರೆಗೆ ಕರೆತರುವ ಅವಕಾಶವಿದ್ದರೂ". ಅಲ್ಲಿಗೆ ನಿಂತಿದೆ. ೨೧೮ನೇ ಪುಟ ಲಸಿಕೆಯ ಮಾತಿನಿಂದ ಶುರುವಾಗುತ್ತದೆ.

ಅರ್ಧ ವಾಕ್ಯದ ಎದುರು ನಾಲ್ಕು ದಿನ ಕುಳಿತಿದ್ದೇನೆ.

ಇನ್ನೊಂದು ಮಾತು. ಆ ಊರಿನ ಗ್ರಂಥಾಲಯದವರು ಪ್ರತಿಗಳ ಜೊತೆ ಪಿನ್ನು ಹಾಕಿದ್ದ ಚೀಟಿಯೂ ನಿಮ್ಮ ಲಕೋಟೆಯಲ್ಲಿ ಬಂದಿದೆ. ಅದರಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದಾರೆ: "ಎಂಟು ಪುಟ. ಎಲ್ಲ ಸ್ಪಷ್ಟವಾಗಿವೆ, ಪರಿಶೀಲಿಸಿದೆ."

ವರದಾ


ವಿಶ್ವವಿದ್ಯಾಲಯ ಗ್ರಂಥಾಲಯ
೯ ಮಾರ್ಚ್ ೨೦೨೬

ಶ್ರೀಮತಿ ವರದಾ ಅವರಿಗೆ,

ಚೀಟಿ ತೆಗೆಯಲು ಮರೆತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಓದುಗರಿಗೆ ಹೇಳಿದ ಮೊದಲ ಸುಳ್ಳು ಅದು. ಅದನ್ನೂ ಸರಿಯಾಗಿ ಹೇಳಲು ಬರಲಿಲ್ಲ.

ಪುಟ ನನ್ನ ಮೇಜಿನ ಡ್ರಾಯರಿನಲ್ಲಿದೆ. ನೀವು ತುಂಬಿದ ಉದ್ದೇಶವೂ ನಿಜವಲ್ಲ ಎಂದು ನನಗೆ ಗೊತ್ತಾಗಿತ್ತು. ಸಾರಾಂಶದಲ್ಲಿ ಆ ರೋಗಿಯ ವಯಸ್ಸಿಲ್ಲ, ಹೆಂಗಸು ಎಂದೂ ಇಲ್ಲ. ಲೇಖನ ನೋಡುವ ಮೊದಲೇ ನೀವು ಎರಡನ್ನೂ ಬರೆದಿದ್ದಿರಿ.

ಆ ಪುಟ ಒಬ್ಬರ ಕಡೆಗೆ ಬೆರಳು ತೋರಿಸುತ್ತದೆ. ಏಳು ವರ್ಷ ಕಳೆದಿದೆ. ಒಬ್ಬ ಜೀವಂತ ವ್ಯಕ್ತಿಯನ್ನು ಇನ್ನೆಷ್ಟು ಸಲ ನಿಲ್ಲಿಸಿ ಕೇಳುವುದು? ಹುಡುಗಿಗೆ ಹದಿನೆಂಟಾಗುವ ತಾರೀಖು ನೀವು ಬರೆದದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಕೋರ್ಟು, ಕಚೇರಿ ಎಂದು ಹೊರಟಿದ್ದರೆ ದಯವಿಟ್ಟು ಬೇಡ.

ನಿಯಮದ ಪ್ರಕಾರ ನೀವು ಕೇಳಿದರೆ ಕಳಿಸಲೇಬೇಕು. ಕೇಳಬೇಡಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಶ್ರೀರಂಗ


ಹೊಸನಗರ
೨೯ ಮಾರ್ಚ್ ೨೦೨೬

ಶ್ರೀರಂಗ ಅವರಿಗೆ,

ಆ ಬೆರಳು ಯಾರ ಕಡೆಗಿದೆ ಎಂದು ನಿಮಗೆ ಗೊತ್ತಾಗಿದೆ, ನನ್ನನ್ನು ಉಳಿಸಲೆಂದು ಪುಟ ತೆಗೆದಿಟ್ಟಿದ್ದೀರಿ. ಹಾಗೆಂದೇ ಭಾವಿಸಿ ಇಪ್ಪತ್ತು ದಿನ ಬರೆಯಲಿಲ್ಲ. ಈಗ ಪೂರ್ತಿ ಹೇಳಿಬಿಡುತ್ತೇನೆ.

ತೀರಿಕೊಂಡವಳು ನನ್ನ ತಂಗಿ ಸುಚಿತ್ರಾ. ತುಮರಿ ಕಡೆ ಕೊಟ್ಟಿತ್ತು. ಗಂಡ ನಾಗೇಂದ್ರ ಹಿನ್ನೀರು ದಾಟಿಸುವ ಲಾಂಚಿನಲ್ಲಿ ದಿನಗೂಲಿ, ಹಗ್ಗ ಕಟ್ಟುವುದು, ಬಸ್ಸು ಕಾರು ಹತ್ತಿಸಿಕೊಳ್ಳುವುದು. ೨೦೧೯ರ ಜನವರಿಯ ಒಂದು ಬುಧವಾರ ಮಧ್ಯಾಹ್ನ ಅವಳ ಫೋನು ಬಂತು.

"ಅಕ್ಕಾ, ನಿನ್ನೆಯಿಂದ ಜ್ವರ ಕಣೇ. ಮೈಯೆಲ್ಲ ಮುರ್ದು ಹಾಕ್ದಂಗೆ ಆಗ್ತಿದೆ. ಇವ್ರು ಸಂಜೆ ಲಾಂಚಿಗೆ ಸಾಗರಕ್ಕೆ ಹೋಗಣ ಅಂತಿದಾರೆ. ಹೋಗ್ಲಾ?"

ನಾನು ಪೂರ್ವಸಿದ್ಧತಾ ಪರೀಕ್ಷೆಯ ಕೊಠಡಿಗೆ ಹೊರಟಿದ್ದೆ. "ಈಗ ಎಲ್ಲ ಕಡೆ ಜ್ವರ ಮಾರಾಯ್ತಿ. ಮಾತ್ರೆ ತಗೊಂಡು ಮಲ್ಕೊ. ಆ ಆಸ್ಪತ್ರೆ ಸಾಲಲ್ಲಿ ನಿಂತು ಇನ್ನಷ್ಟು ಸುಸ್ತು ಮಾಡ್ಕೋಬೇಡ. ಭಾನುವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದೆ. ಮನೆಯಲ್ಲಿ ಓದಿದವಳು ನಾನೊಬ್ಬಳೇ. ನಾನು ಹೇಳಿದರೆ ಮುಗಿಯಿತು.

ಶನಿವಾರ ಅವಳ ಒಸಡಿನಲ್ಲಿ ರಕ್ತ ಬಂತು. ನಾಗೇಂದ್ರ ಲಾಂಚಿನಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಕರೆತಂದ. ಸೋಮವಾರ ಹೋದಳು.

ನನ್ನ ಅಮ್ಮ ಕೆರಿಯಮ್ಮ ಹೆಣದ ಮುಂದೆಯೇ ಅವನನ್ನು ಕೇಳಿದಳು: "ಲಾಂಚಲ್ಲೇ ಕೆಲ್ಸ ಮಾಡೋನಿಗೆ ನಾಕು ದಿನ ಒಂದು ಲಾಂಚು ಸಿಗ್ಲಿಲ್ವನೋ?" ಅವನು ಏನೂ ಹೇಳಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನಾನೂ ಏನೂ ಹೇಳಲಿಲ್ಲ.

ಹತ್ತು ವರ್ಷದ ಆಶಾ ಅದನ್ನು ಕೇಳಿಸಿಕೊಂಡಳು. ತಿಥಿ ಮುಗಿಸಿ ನಮ್ಮ ಜೊತೆ ಬಂದವಳು ಏಳು ವರ್ಷದಿಂದ ಅಪ್ಪನ ಜೊತೆ ಒಂದು ಮಾತು ಆಡಿಲ್ಲ. ಅವನು ಎರಡು ತಿಂಗಳಿಗೊಮ್ಮೆ ಬರುತ್ತಾನೆ. ಈಗ ಸೇತುವೆಯಾಗಿ ಲಾಂಚಿನ ಕೆಲಸ ಹೋಗಿದೆ, ಗೂಡ್ಸ್ ಆಟೊ ಓಡಿಸುತ್ತಾನೆ. ಗೇಟಿನ ಹತ್ತಿರ ಚೀಲ ಹಿಡಿದು ನಿಲ್ಲುತ್ತಾನೆ. ಹೋದ ವಾರ ಉಪ್ಪಿನಕಾಯಿಗೆಂದು ಅಪ್ಪೆಮಿಡಿ ತಂದಿದ್ದ. ಪ್ರತಿ ಸಲವೂ ಅವನು ನನ್ನ ಹಿಂದಿನ ಬಾಗಿಲನ್ನು ನೋಡುತ್ತಾನೆ, ನಾನು ಅದೇ ಮಾತು ಹೇಳುತ್ತೇನೆ: "ಓದ್ತಾ ಇದ್ದಾಳೆ ನಾಗೇಂದ್ರ." ಅವನು "ಓದ್ಲಿ ಬಿಡಿ ಅಕ್ಕ" ಎಂದು ಹೋಗುತ್ತಾನೆ.

ಡಿಸೆಂಬರಿನಲ್ಲಿ ಆಶಾ ಊಟಕ್ಕೆ ಕೂತಾಗ ಹೇಳಿದಳು: "ದೊಡ್ಡಮ್ಮ, ನಂಗೆ ಹದಿನೆಂಟಾದ್ ಮೇಲೆ ಆ ಮನುಷ್ಯಂದು ಏನೂ ಬೇಡ ಅಂತ ಬರ್ದು ಕೊಟ್ಬಿಡ್ತೀನಿ. ಅಪ್ಪ ಅಂತ್ಲೂ ಬೇಡ." ಅಮ್ಮ "ಸರಿಯಾಗ್ ಹೇಳ್ದೆ" ಎಂದಳು. ನಾನು ಕೈ ತೊಳೆಯಲು ಎದ್ದೆ.

ಆಮೇಲೆ ಸಿಕ್ಕಿದ್ದು ಆ ಸಾರಾಂಶ. ವೈದ್ಯರು ಸುಚಿತ್ರಾಳನ್ನೇ ಕೇಳಿರಬಹುದು, ಅವಳು "ಅಕ್ಕ ಹೇಳಿದ್ಲು" ಎಂದಿರಬಹುದು, ಅದು ಎಲ್ಲೋ ಅಚ್ಚಾಗಿರಬಹುದು ಎನಿಸಿತು. ನಾನು ಬಾಯಿಬಿಟ್ಟು ಹೇಳಲಾರದ್ದನ್ನು ಒಂದು ಪುಟ ಹೇಳಿದರೆ ಅದನ್ನು ಆಶಾಳ ಮುಂದೆ ಇಟ್ಟು ಸುಮ್ಮನಿರಬಹುದಲ್ಲ ಎಂದುಕೊಂಡೆ. ಕವಿತೆ ಓದುವ ಅಭ್ಯಾಸದವಳು ನಾನು, ನನ್ನ ಮಾತನ್ನು ಬೇರೆ ಯಾರೋ ಬರೆದಿರುತ್ತಾರೆಂದು ಕಾಯುವುದು ರೂಢಿಯಾಗಿಬಿಟ್ಟಿದೆ.

ಆದ್ದರಿಂದ ನನ್ನನ್ನು ಉಳಿಸಬೇಡಿ. ಪುಟ ಕಳಿಸಿ.

ವರದಾ


ತೀರ್ಥಹಳ್ಳಿ
೫ ಏಪ್ರಿಲ್ ೨೦೨೬

ವರದಾ ಅವರಿಗೆ,

ರಜೆ ಹಾಕಿ ಊರಿಗೆ ಬಂದಿದ್ದೇನೆ. ನಿಮ್ಮ ಪತ್ರ ಜೇಬಿನಲ್ಲಿಟ್ಟುಕೊಂಡು ಎರಡು ದಿನ ತುಂಗೆಯ ದಂಡೆಯಲ್ಲಿ ಓಡಾಡಿದೆ.

ನಾನು ನಿಮ್ಮನ್ನು ಪೂರ್ತಿ ತಪ್ಪಾಗಿ ಓದಿಕೊಂಡಿದ್ದೆ. ನಾನು ಉಳಿಸಲು ಹೊರಟದ್ದು ನಿಮ್ಮನ್ನಲ್ಲ, ಆ ಗಂಡನನ್ನು. ನೀವು ಅವನ ಮೇಲೆ ಸಾಕ್ಷಿ ಹುಡುಕುತ್ತಿದ್ದೀರಿ ಎಂದುಕೊಂಡೆ.

ಯಾಕೆ ಹಾಗೆ ಅಂದುಕೊಂಡೆ ಎಂದು ಹೇಳಬೇಕಾದದ್ದು ನ್ಯಾಯ. ನನ್ನ ಹೆಂಡತಿ ಸೌಜನ್ಯ ಒಂದು ಬೆಳಿಗ್ಗೆ "ಎದೆ ಹಿಡ್ಕೊಂಡ ಹಾಗೆ ಆಗ್ತಿದೆ, ನೋಡಿ" ಎಂದಳು. ಅವತ್ತು ಗ್ರಂಥಾಲಯಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. "ಸಂಜೆ ಹೋಗೋಣ, ಗ್ಯಾಸ್ ಇರಬೇಕು" ಎಂದೆ. ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯವರು ಫೋನು ಮಾಡಿದರು. ಹನ್ನೊಂದು ವರ್ಷವಾಯಿತು. ಅವಳ ಅಣ್ಣಂದಿರು ಈಗಲೂ ಈ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ೨೧೭ನೇ ಪುಟ ಓದಿದಾಗ ಆ ಮನುಷ್ಯನ ಮುಖ ನನ್ನದೇ ಎನಿಸಿತು.

ಡ್ರಾಯರಿನಿಂದ ತಂದಿದ್ದ ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ನೀವು ಹುಡುಕುತ್ತಿರುವುದು ಅದರಲ್ಲಿ ಇಲ್ಲ.

ಶ್ರೀರಂಗ


ಹೊಸನಗರ
೧೦ ಏಪ್ರಿಲ್ ೨೦೨೬

ಶ್ರೀರಂಗ ಅವರೆ,

ಪುಟ ೨೧೭, ಎರಡನೆಯ ಪ್ಯಾರಾ, ಕನ್ನಡದಲ್ಲಿ: "ತಡವಾದ ಕಾರಣವನ್ನು ರೋಗಿಯ ಪತಿಯಿಂದ ಪಡೆಯಲಾಯಿತು. ರೋಗಿ ಹಾಗೂ ಆಕೆಯ ಮನೆಯವರು ಆಸ್ಪತ್ರೆಗೆ ಹೋಗಲು ಒತ್ತಾಯಿಸಿದ್ದರೆಂದೂ, ಕೆಲಸ ಬಿಡಲಾಗದೆ ತಾನೇ ನಾಲ್ಕು ದಿನ ಮುಂದೂಡಿದ್ದಾಗಿಯೂ ಆತ ತಿಳಿಸಿದರು."

ಇದು ಸುಳ್ಳು. ಒಂದೊಂದು ಪದವೂ ಸುಳ್ಳು. ನಾನು ಕಂಬಕ್ಕೆ ಒರಗಿ ಸುಮ್ಮನೆ ನಿಲ್ಲುವ ಮೊದಲೇ ಅವನು ಡಾಕ್ಟರ ಮುಂದೆ ಇದನ್ನು ಹೇಳಿಯಾಗಿತ್ತು.

ಅಚ್ಚಾದ ಲೇಖನವನ್ನು ತಿದ್ದಿಸುವುದು ಹೇಗೆ? ಯಾರಿಗೆ ಬರೆಯಬೇಕು? ಯಾವ ಅರ್ಜಿ ತುಂಬಬೇಕು?

ವರದಾ


ವಿಶ್ವವಿದ್ಯಾಲಯ ಗ್ರಂಥಾಲಯ
೨೪ ಏಪ್ರಿಲ್ ೨೦೨೬

ವರದಾ ಅವರಿಗೆ,

ಪತ್ರಿಕೆಯ ಸಂಪಾದಕರಿಗೆ ಬರೆದು ಕೇಳಿದೆ. ಲೇಖಕರು ಕೋರಿದರೆ ಮಾತ್ರ ತಿದ್ದುಪಡಿ ಹಾಕುತ್ತಾರಂತೆ. ಮೊದಲ ಲೇಖಕರ ಇಮೇಲ್ ಈಗ ಚಾಲ್ತಿಯಲ್ಲಿಲ್ಲ, ನನ್ನ ಪತ್ರ ವಾಪಸು ಬಂತು. ಎರಡನೆಯವರು ಸಿಕ್ಕಿದರು. ರೋಗಿಯ ಕಡೆಯವರು ಅಂದು ಕೊಟ್ಟ ಹೇಳಿಕೆಯನ್ನು ಅಂದೇ ಬರೆದುಕೊಂಡಿದ್ದೇವೆ, ಈಗ ಬದಲಿಸಲು ಆಧಾರವಿಲ್ಲ ಎಂದು ವಿನಯದಿಂದಲೇ ಉತ್ತರಿಸಿದರು. ಈವರೆಗೆ ಹದಿನಾಲ್ಕು ಬೇರೆ ಲೇಖನಗಳು ಇದನ್ನು ಉಲ್ಲೇಖಿಸಿವೆ. ಎರಡರಲ್ಲಿ ಆ ಸಾಲೂ ಇದೆ.

ಅದು ಹಾಗೆಯೇ ಉಳಿಯುತ್ತದೆ. ನನ್ನ ಕೈಲಾದದ್ದು ಇಷ್ಟೇ. ಕ್ಷಮಿಸಿ.

ಆದರೆ ಆ ಹದಿನಾಲ್ಕು ಲೇಖನ ಬರೆದವರಲ್ಲಿ ಯಾರಿಗೂ ಆಶಾ ಗೊತ್ತಿಲ್ಲ.

ಶ್ರೀರಂಗ


ಹೊಸನಗರ
೩೦ ಜೂನ್ ೨೦೨೬

ಶ್ರೀರಂಗ ಅವರೆ,

ಎರಡು ತಿಂಗಳಾಯಿತು. ನಿಮ್ಮ ಕೊನೆಯ ಸಾಲಿಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಜೂನ್ ಐದಕ್ಕೆ, ಅವಳಿಗೆ ಹದಿನೆಂಟು ತುಂಬುವ ಹಿಂದಿನ ದಿನ, "ಸಾಗರಕ್ಕೆ ಹೋಗಿ ಬಟ್ಟೆ ತರೋಣ ಬಾ" ಎಂದು ಕರೆದುಕೊಂಡು ಹೊರಟೆ. ಸಾಗರದಲ್ಲಿ ಅಂಗಡಿಗೆ ಹೋಗದೆ ತುಮರಿಯ ಬಸ್ಸು ಹತ್ತಿಸಿದೆ. ಅವಳು ಕಿಟಕಿಗೆ ಮುಖ ಹಾಕಿ ಕೂತಳು. ಸೇತುವೆ ದಾಟಲು ಕೆಲವೇ ನಿಮಿಷ ಸಾಕಾಯಿತು. ಆ ಶನಿವಾರ ನಾಗೇಂದ್ರ ಲಾಂಚಿನಲ್ಲಿ ಸುಚಿತ್ರಾಳನ್ನು ಮಲಗಿಸಿಕೊಂಡು ಎಷ್ಟು ಹೊತ್ತು ಕೂತಿದ್ದನೋ ಎಂದು ನಾನು ನೀರು ನೋಡುತ್ತಿದ್ದೆ.

ನಾಗೇಂದ್ರ ಆಟೊದ ಚಕ್ರ ಬಿಚ್ಚುತ್ತಿದ್ದ. ಮಗಳನ್ನು ಕಂಡು ಎದ್ದು ನಿಂತವನು ಗ್ರೀಸು ಮೆತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ.

ನಾನು ಪುಟ ತೆಗೆದು ಅಂಗಳದಲ್ಲಿ ನಿಂತೇ ಕನ್ನಡ ಮಾಡಿ ಓದಿದೆ. ಎರಡನೆಯ ಪ್ಯಾರಾ ಮುಗಿಯುವ ಮೊದಲೇ ಆಶಾ, "ಗೊತ್ತಿರೋದೇ ಅಲ್ವಾ ದೊಡ್ಡಮ್ಮ, ಇದನ್ ಓದಕ್ಕೆ ಇಲ್ಲೀತನ್ಕ ಬರ್ಬೇಕಿತ್ತಾ?" ಎಂದಳು.

ನಾಗೇಂದ್ರನಿಗೆ ಮುಂದಿನದು ತಿಳಿದುಹೋಯಿತು. "ಅಕ್ಕ, ಬೇಡ. ಬಿಡಿ. ಒಳಗೆ ಬನ್ನಿ, ಚಾ ಕುಡ್ಕೊಂಡು ಹೋಗ್ವಿರಂತೆ."

ನಾನು ಹೇಳಿದೆ. ಬುಧವಾರದ ಫೋನು, ಸಂಜೆಯ ಲಾಂಚು, ಭಾನುವಾರ ಬರುತ್ತೇನೆಂದದ್ದು, ಎಲ್ಲ. ಇಷ್ಟು ಚಿಕ್ಕ ಮಾತು ಅದು, ಒಂದೇ ನಿಮಿಷದಲ್ಲಿ ಮುಗಿಯಿತು.

ಆಶಾ ನನ್ನನ್ನು ನೋಡಲಿಲ್ಲ, ಅವನನ್ನು ನೋಡಿದಳು. ಏಳು ವರ್ಷದ ಮೇಲೆ ಅಪ್ಪನ ಜೊತೆ ಅವಳು ಆಡಿದ ಮೊದಲ ಮಾತು: "ನೀ ಯಾಕೆ ಹೇಳ್ಲಿಲ್ಲ?"

"ಸ್ಪೀಕರಲ್ಲಿ ನಂಗೂ ಕೇಳಿತ್ತು ಪುಟ್ಟಿ. ಡಾಕ್ಟ್ರು ಕೇಳ್ದಾಗ ನಾನೇ ತಡ ಮಾಡ್ದೆ ಅಂತ ಬಾಯಿಗೆ ಬಂತು. ಆಮೇಲೆ ನೀನು ಅವ್ರ ಮನೇಲೇ ಬೆಳೀಬೇಕಿತ್ತಲ್ಲ. ಅಮ್ಮ ಹೋಗಿದ್ಲು. ದೊಡ್ಡಮ್ಮನ್ನೂ ಇಲ್ಲ ಮಾಡಿದ್ರೆ ನಿಂಗೆ ಯಾರಿದ್ರು?"

ಅವಳು ಅಲ್ಲೇ ಉಳಿದಳು. ಬಟ್ಟೆ, ಪುಸ್ತಕಗಳನ್ನು ಮರುದಿನ ಅವನೇ ಬಂದು ತೆಗೆದುಕೊಂಡು ಹೋದ. ಹಿಂದಿನ ರಾತ್ರಿ ಅಮ್ಮನಿಗೂ ಎಲ್ಲ ಹೇಳಿದ್ದೆ. ಅವಳು ಅವನನ್ನು ಒಳಗೆ ಕರೆದು ಮಣೆ ಹಾಕಿದಳು, ಕಾಲು ತೊಳೆಯಲು ನೀರು ಕೊಟ್ಟಳು. ನನ್ನನ್ನು ಅವತ್ತಿನಿಂದ ಊಟಕ್ಕೆ ಮಾತ್ರ ಕರೆಯುತ್ತಾಳೆ.

ನಿನ್ನೆ ತುಮರಿಗೆ ಹೋಗಿದ್ದೆ. ಆಶಾಳಿಗೆ ಇಷ್ಟ ಎಂದು ಹಲಸಿನ ಹಪ್ಪಳ, ಅವಳು ಬಿಟ್ಟುಹೋಗಿದ್ದ ಒಂದು ಸ್ವೆಟರ್ ಚೀಲದಲ್ಲಿ ಹಾಕಿಕೊಂಡಿದ್ದೆ. ನಾಗೇಂದ್ರ ಬಾಗಿಲಿಗೆ ಬಂದ. ಒಳಗೆ ಪಾತ್ರೆ ಇಟ್ಟ ಸದ್ದು ಕೇಳಿಸಿತು, ಆಮೇಲೆ ಸದ್ದು ನಿಂತಿತು. ನಾನು ಅವನ ಹಿಂದಿನ ಬಾಗಿಲನ್ನು ನೋಡುತ್ತಿದ್ದೆ. ಅವನು ತಲೆ ತಗ್ಗಿಸಿ, ಬಹಳ ಮೆತ್ತಗೆ ಹೇಳಿದ:

"ಓದ್ತಾ ಇದ್ದಾಳೆ ಅಕ್ಕ."

ಪರೀಕ್ಷೆ ಮುಗಿದು ಮೂರು ತಿಂಗಳಾಗಿದೆ. ನಾನು "ಓದ್ಲಿ ಬಿಡು" ಎಂದು, ಚೀಲವನ್ನು ಜಗಲಿಯ ಮೇಲಿಟ್ಟು, ಬಸ್ಸಿಗೆ ಬಂದೆ.

ವರದಾ